ತೆಂಗಿನ ನೀರಿನ ವಿನೆಗರ್ ಪೀಪಾಯಿಗಳ ನಲ್ಲಿಗಳು: ಅವುಗಳ ಶುಚಿತ್ವ ಮತ್ತು ಸಂರಕ್ಷಣೆ

ತೆಂಗಿನ ಮರದಲ್ಲಿ ವ್ಯರ್ಥವಾಗತಕ್ಕ ಭಾಗವೊಂದೂ ಇಲ್ಲವೆಂಬುದು ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ರೈತರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಗರಿಯು ಚಪ್ಪರಕ್ಕೂ, ಸಿಪ್ಪೆಯು ನಾರಿಗೂ, ಚಿಪ್ಪು ಒಲೆಗೂ ಇದ್ದಿಲಿಗೂ ಒದಗುತ್ತವೆ. ಆದರೆ ಕಾಯೊಳಗಿನ ನೀರಿನ ವಿಷಯದಲ್ಲಿ ಈ ಮಾತು ಪೂರ್ತಿ ಸಲ್ಲದು. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಗಳಲ್ಲಿ ಹತ್ತು ಹನ್ನೆರಡು ತಿಂಗಳಲ್ಲಿ ನೀರು ತಾನಾಗಿಯೇ ಇಂಗಿ ಹೋಗುವುದರಿಂದ ಅಲ್ಲಿ ನಷ್ಟವೇನೂ ಇಲ್ಲ. ಒಣ ತುರಿಯನ್ನು ತಯಾರಿಸುವ ಕಾರ್ಖಾನೆಗಳಲ್ಲಿಯೂ, ಮದುವೆ ಜಾತ್ರೆಗಳ ಅಡುಗೆಮನೆಗಳಲ್ಲಿಯೂ ಒಡೆಯುವ ಕಾಯಿಗಳ ನೀರಾದರೋ ಬಹುಮಟ್ಟಿಗೆ ಚರಂಡಿಯ ಪಾಲಾಗಿ, ಅಲ್ಲಿ ಹುಳಿತು ದುರ್ವಾಸನೆಗೆ ಕಾರಣವಾಗುತ್ತದೆ.

ಈ ನೀರಿನಿಂದ ಒಳ್ಳೆಯ ವಿನೆಗರನ್ನು ಮಾಡಬಹುದು. ಫಿಲಿಪ್ಪೀನ್ಸ್ ದೇಶದಲ್ಲಿ ಇದು ಮನೆಮನೆಯ ಅಡುಗೆ ಪದಾರ್ಥ. ಗೋವೆಯಲ್ಲಿ ತೆಂಗಿನ ಕಳ್ಳಿನಿಂದ ಮಾಡಿದ ವಿನೆಗರ್ ಬಹುಕಾಲದಿಂದ ಬಳಕೆಯಲ್ಲಿದೆ. ೧೯೮೧ರಲ್ಲಿ ಸ್ಥಾಪಿತವಾದ ತೆಂಗು ಅಭಿವೃದ್ಧಿ ಮಂಡಳಿಯೂ ಈ ತಯಾರಿಕೆಗೆ ಪ್ರೋತ್ಸಾಹ ಕೊಡುತ್ತಿದೆ. ಆದರೆ ಈ ಕೆಲಸಕ್ಕೆ ಕೈಹಾಕುವವರು ಪೀಪಾಯಿಯನ್ನು ಎಷ್ಟೇ ಚೆನ್ನಾಗಿ ತೊಳೆದರೂ, ಅದರ ಬುಡದಲ್ಲಿರುವ ನಲ್ಲಿಯನ್ನು ಬಿಚ್ಚಿ ನೋಡುವುದು ಅಪರೂಪ. ಐವತ್ತು ಲೀಟರಿನ ಒಂದು ಪೀಪಾಯಿ ಕೆಟ್ಟರೆ ಸುಮಾರು ಐನೂರು ಕಾಯಿಗಳ ನೀರು, ನಾಲ್ಕು ಕಿಲೋ ಸಕ್ಕರೆ, ಎರಡು ಮೂರು ತಿಂಗಳ ಕಾವಲು ಇಷ್ಟೂ ಮಣ್ಣುಪಾಲಾದಂತೆಯೇ. ಅದಕ್ಕಿಂತಲೂ ಕೆಟ್ಟದ್ದೆಂದರೆ, ಕೆಟ್ಟುದನ್ನು ತಿಳಿಯದೆ ಉಪ್ಪಿನಕಾಯಿಗೆ ಬಳಸಿ ಮನೆಯವರ ಆರೋಗ್ಯಕ್ಕೆ ಕೇಡು ತಂದುಕೊಳ್ಳುವುದು. ಆದಕಾರಣ ಈ ಲೇಖನದಲ್ಲಿ ನಲ್ಲಿಯೊಂದರ ವಿಷಯವನ್ನೇ ಸ್ವಲ್ಪ ವಿವರವಾಗಿ ತಿಳಿಸಲಾಗುವುದು.

ವಿನೆಗರ್ ಆಗುವ ಕ್ರಮ

ನಲ್ಲಿಯ ಶುಚಿತ್ವ ಏತಕ್ಕೆ ಅವಶ್ಯವೆಂಬುದನ್ನು ಅರಿಯಬೇಕಾದರೆ ವಿನೆಗರ್ ಆಗುವ ಬಗೆಯನ್ನು ತಿಳಿದಿರಬೇಕು. ಬಲಿತ ಕಾಯಿಯ ನೀರಿನಲ್ಲಿ ಸಕ್ಕರೆಯ ಅಂಶವು ನೂರಕ್ಕೆ ಎರಡು ಮೂರು ಪಾಲಿಗಿಂತ ಹೆಚ್ಚಿರುವುದಿಲ್ಲ. ಆದುದರಿಂದ ಹತ್ತು ಲೀಟರು ನೀರಿಗೆ ಸುಮಾರು ಮುಕ್ಕಾಲು ಕಿಲೋ ಸಕ್ಕರೆಯನ್ನು ಕೂಡಿಸಿ ಅದನ್ನು ನೂರಕ್ಕೆ ಹತ್ತರಷ್ಟಕ್ಕೆ ತಂದು, ಕಾಯಿಸಿ ಆರಿಸಿ, ಯೀಸ್ಟನ್ನು ಹಾಕುತ್ತಾರೆ. ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಇದು ಮೊದಲನೆಯ ಹುದುಗು. ಇದಕ್ಕೆ ಗಾಳಿ ಬೇಡ. ಒಂದು ವಾರದ ಸುಮಾರಿಗೆ ಇದು ಮುಗಿದ ಬಳಿಕ ತಿಳಿಯನ್ನು ಬೇರೊಂದು ಪೀಪಾಯಿಗೆ ಬಸಿದು, ಹಾಲಿಗೆ ಹೆಪ್ಪು ಹಾಕುವಂತೆ ಹಳೆಯ ವಿನೆಗರಿನ ಒಂದು ಪಾಲನ್ನು ಸೇರಿಸಿ, ಬಾಯಿಗೆ ತೆಳುಬಟ್ಟೆಯನ್ನು ಕಟ್ಟಿಡಬೇಕು. ಆಗ ಅಸಿಟಿಕ್ ಬ್ಯಾಕ್ಟೀರಿಯಗಳೆಂಬ ಸೂಕ್ಷ್ಮಜೀವಿಗಳು ಗಾಳಿಯ ಸಹಾಯದಿಂದ ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಇದು ಎರಡನೆಯ ಹುದುಗು. ಇದಕ್ಕೆ ಗಾಳಿ ಬೇಕೇ ಬೇಕು. ಹುಳಿಯುವುದು ಈ ಜೀವಿಗಳ ಕಾರ್ಯವೆಂಬುದನ್ನು ಫ್ರಾನ್ಸ್ ದೇಶದ ಲೂಯಿ ಪಾಸ್ತೂರರು ೧೮೬೦ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟರು.

ಇಲ್ಲಿ ಒಂದು ಎಚ್ಚರಿಕೆ. ಮೊದಲನೆಯ ಹುದುಗಿನಲ್ಲಿ ಹುಟ್ಟುವುದು ಮದ್ಯಸಾರವೇ ಆಗಿರುವುದರಿಂದ, ಕೆಲಸಕ್ಕೆ ತೊಡಗುವ ಮುನ್ನ ಅಬಕಾರಿ ಇಲಾಖೆಯವರಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಈ ರಸವನ್ನು ಕುಡಿಯಲು ತೆಗೆಯುವುದೂ ಮಾರುವುದೂ ೧೯೬೫ರ ಕರ್ನಾಟಕ ಅಬಕಾರಿ ಅಧಿನಿಯಮಕ್ಕೆ ವಿರುದ್ಧವಾದುದು. ವಿನೆಗರನ್ನು ಮಾರುವವರು ಆಹಾರ ಸುರಕ್ಷತೆಯ ನೋಂದಣಿಯನ್ನೂ ಪಡೆದಿರಬೇಕು. ಹುದುಗಿಸಿದ ವಿನೆಗರಿನ ೧೦೦ ಮಿಲಿಲೀಟರಿನಲ್ಲಿ ಕನಿಷ್ಠ ೩.೭೫ ಗ್ರಾಂ ಅಸಿಟಿಕ್ ಆಮ್ಲವಿರಬೇಕೆಂಬುದು ಅವರ ನಿಯಮ.

ನಲ್ಲಿಯಲ್ಲಿ ಕೊಳೆ ಸೇರುವ ಬಗೆ

ಹೊರಗಿನಿಂದ ನೋಡಿದರೆ ನಲ್ಲಿಯು ಒಂದೇ ವಸ್ತುವಾಗಿ ಕಾಣುವುದು. ಬಿಚ್ಚಿದರೆ ಅದರಲ್ಲಿ ಪೀಪಾಯಿಯೊಳಕ್ಕೆ ಸೇರುವ ಮರೆಯುಳ್ಳ ಕೊಳವೆ, ಒಳಗೂ ಹೊರಗೂ ಕೂಡುವ ವಾಷರುಗಳು, ಬಿಗಿಯುವ ನಟ್ಟು, ತಿರುಗುವ ಬಿರಡೆ, ರಸ ಬೀಳುವ ಮೂತಿ ಎಂಬ ಭಾಗಗಳಿರುತ್ತವೆ. ಬಿರಡೆಗೂ ಅದರ ಗೂಡಿಗೂ ನಡುವೆ, ವಾಷರಿನ ಹಿಂದೆ, ಮರೆಯ ಸಂದುಗಳಲ್ಲಿ ಮತ್ತು ಮೂತಿಯ ಒಳಮೈಯಲ್ಲಿ ರಸದ ತೇವ ನಿಂತುಬಿಡುತ್ತದೆ. ಪೀಪಾಯಿಯನ್ನು ಎಷ್ಟು ಕುಲುಕಿ ತೊಳೆದರೂ ಈ ನಾಲ್ಕು ಸ್ಥಳಗಳಿಗೆ ನೀರು ತಲುಪುವುದಿಲ್ಲ.

ನಿಂತ ತೇವದಲ್ಲಿ ಸೂಕ್ಷ್ಮಜೀವಿಗಳು ಬೆಳೆದು, ಕೆರೆಯ ಮೆಟ್ಟಿಲಿನ ಪಾಚಿಯಂತೆ ಜಾರುವ ಲೋಳೆಯ ಪೊರೆಯೊಂದನ್ನು ಕಟ್ಟಿಕೊಳ್ಳುತ್ತವೆ. ಈ ಪೊರೆಯ ಮೇಲೆ ಎಂಥ ಕ್ರಿಮಿನಾಶಕವನ್ನು ಹೊಯ್ದರೂ ಮೇಲುಮೇಲಿನವು ಸತ್ತು ಒಳಗಿನವು ಉಳಿಯುತ್ತವೆ. ಆದುದರಿಂದ ಮೊದಲು ಉಜ್ಜಿ ತೊಳೆಯುವುದು, ಆಮೇಲೆ ಕ್ರಿಮಿಗಳನ್ನು ಕೊಲ್ಲುವುದು ಎಂಬ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿಯೇ ಮಾಡಬೇಕು. ಒಂದು ಇನ್ನೊಂದರ ಬದಲಿಗೆ ಸಲ್ಲದು.

ಇದರಿಂದಾಗುವ ಕೇಡು ಎರಡು ಹುದುಗುಗಳಲ್ಲಿಯೂ ಉಂಟು. ಎರಡನೆಯ ಹುದುಗಿನ ನಲ್ಲಿಯನ್ನು ತೊಳೆಯದೆ ಮೊದಲನೆಯದಕ್ಕೆ ಹಾಕಿದರೆ, ಅಸಿಟಿಕ್ ಬ್ಯಾಕ್ಟೀರಿಯಗಳು ಕಾಲಕ್ಕೆ ಮುಂಚೆಯೇ ಸೇರಿ ಹುಳಿಯನ್ನು ಹುಟ್ಟಿಸುತ್ತವೆ. ಆ ಹುಳಿಯು ಹೆಚ್ಚಿದರೆ ಯೀಸ್ಟು ಕುಂದುವುದು. ಸಕ್ಕರೆ ಅರ್ಧಕ್ಕೇ ಉಳಿಯುವುದು. ಮುಂದೆ ಬರುವ ವಿನೆಗರು ನೀರಾಗಿ ಇರುವುದು. ಅಂಥ ಸಪ್ಪೆ ವಿನೆಗರಿನಲ್ಲಿ ಹಾಕಿದ ಉಪ್ಪಿನಕಾಯಿ ಬಾಳದು. ಎರಡನೆಯ ಪೀಪಾಯಿಯಲ್ಲಾದರೆ ನಲ್ಲಿಯ ಸೋರಿಕೆಯೇ ದೊಡ್ಡ ಶತ್ರು. ರಸದ ಮೇಲೆ ತೇಲುವ ಪೊರೆಯು ಮಟ್ಟ ಇಳಿದಂತೆಲ್ಲ ಹರಿದು ಮುಳುಗಿ ಕೆಲಸ ನಿಲ್ಲಿಸುವುದು. ಹೊರಗೆ ಜಿನುಗುವ ಹನಿಗೆ ಹುಳಿನೊಣಗಳು ಮುತ್ತಿ ಮೂತಿಯೊಳಗೆ ಮೊಟ್ಟೆಯಿಡುವುವು. ಒದ್ದೆ ಸೌಟನ್ನು ಉಪ್ಪಿನಕಾಯಿ ಜಾಡಿಗೆ ಇಳಿಸಬಾರದೆಂದು ನಮ್ಮ ಮನೆಯ ಹೆಂಗಸರು ಪಾಲಿಸುವ ಕಟ್ಟುನಿಟ್ಟು ಇಲ್ಲಿಯೂ ಬೇಕು.

ನಲ್ಲಿಯ ಲೋಹ

ಹುಣಿಸೆಯ ಹುಳಿಯನ್ನು ಕಲಾಯಿಯಿಲ್ಲದ ಹಿತ್ತಾಳೆಯ ಪಾತ್ರೆಯಲ್ಲಿ ಇಟ್ಟರೆ ಕಿಲುಬೇಳುವುದೆಂಬುದು ಎಲ್ಲರಿಗೂ ತಿಳಿದದ್ದೇ. ಹಾಗಿದ್ದೂ ವಿನೆಗರ್ ಪೀಪಾಯಿಗೆ ಹಿತ್ತಾಳೆಯ ನಲ್ಲಿಯನ್ನು ಹಾಕುವವರುಂಟು. ಹಿತ್ತಾಳೆಯು ತಾಮ್ರ ಮತ್ತು ಸತುವುಗಳ ಮಿಶ್ರಣ. ಅಸಿಟಿಕ್ ಆಮ್ಲವೂ ಗಾಳಿಯೂ ಸೇರಿದರೆ ತಾಮ್ರವು ಕರಗಿ ಹಸುರು ಕಿಲುಬಾಗುವುದು, ಇದು ವಿಷ. ನೀರಿನ ಕೊಳಾಯಿಗೆಂದು ಮಾಡಿದ ಹಿತ್ತಾಳೆಯಲ್ಲಿ ಸೀಸವೂ ಇರುವುದುಂಟು. ಅದು ಮಕ್ಕಳಿಗೆ ಇನ್ನೂ ಅಪಾಯಕರ. ಮೇಲೆ ಬೆಳ್ಳಗೆ ಹೊಳೆಯುವ ಲೇಪವಿದ್ದರೂ ಒಳಗಿನದು ಹಿತ್ತಾಳೆಯೇ ಆಗಿರಬಹುದು. ಕಬ್ಬಿಣವು ತುಕ್ಕಿನಿಂದ ರಸವನ್ನು ಕಪ್ಪಾಗಿಸುತ್ತದೆ, ಅಲ್ಯುಮಿನಿಯಂ ಸವೆಯುತ್ತದೆ.

ಆದುದರಿಂದ ತುಕ್ಕು ಹಿಡಿಯದ ಉಕ್ಕಿನದಾಗಲಿ, ಆಹಾರಕ್ಕೆ ಯೋಗ್ಯವೆಂದು ಗುರುತುಳ್ಳ ಪ್ಲಾಸ್ಟಿಕ್ಕಿನದಾಗಲಿ, ಬಿಡಿಬಿಡಿಯಾಗಿ ಬಿಚ್ಚಲು ಬರುವ ನಲ್ಲಿಯನ್ನೇ ಕೊಳ್ಳಬೇಕು. ಬಿಚ್ಚಲು ಬಾರದ ನಲ್ಲಿಯು ಎಷ್ಟು ಅಗ್ಗವಾಗಿ ದೊರೆತರೂ ಬೇಡ. ಬೆಳಗ್ಗೆ ಮೂತಿಯಲ್ಲಿ ಹಸುರು ಅಥವಾ ನೀಲಿ ಛಾಯೆಯ ಹನಿ ಕಂಡರೆ ಆ ಪೀಪಾಯಿಯ ವಿನೆಗರನ್ನು ಆಹಾರಕ್ಕೆ ಬಳಸಲೇ ಕೂಡದು. ಕಾಯಿಸಿದರೂ ಸೋಸಿದರೂ ಕಿಲುಬು ಹೋಗುವುದಿಲ್ಲ.

ತೊಳೆಯುವ ಕ್ರಮ

ಪ್ರತಿ ಸಲ ಪೀಪಾಯಿ ಬರಿದಾದೊಡನೆಯೇ, ಕೊಳೆ ಒಣಗುವ ಮೊದಲೇ, ಈ ಕೆಳಗಿನಂತೆ ಮಾಡತಕ್ಕದ್ದು.

(೧) ನಲ್ಲಿಯನ್ನು ಕಳಚಿ, ಬಿರಡೆ, ವಾಷರು, ನಟ್ಟುಗಳನ್ನು ಬೇರೆ ಮಾಡಿ ಒಂದು ತಟ್ಟೆಯಲ್ಲಿ ಸಾಲಾಗಿ ಇಡುವುದು. ಬಿಚ್ಚಿದ ಕ್ರಮವು ನೆನಪಿದ್ದರೆ ಜೋಡಿಸುವುದು ಸುಲಭ.

(೨) ಮೊದಲು ತಣ್ಣೀರಿನಲ್ಲಿ ತೊಳೆದು, ಅನಂತರ ಒಂದು ಲೀಟರು ಬಿಸಿನೀರಿಗೆ ಒಂದು ದೊಡ್ಡ ಚಮಚದಷ್ಟು ವಾಷಿಂಗ್ ಸೋಡವನ್ನು ಕರಗಿಸಿ ಅದರಲ್ಲಿ ಅರ್ಧ ಗಂಟೆ ನೆನೆಹಾಕುವುದು. ಪ್ಲಾಸ್ಟಿಕ್ಕಿಗೆ ಕೈ ತಾಳುವಷ್ಟು ಬಿಸಿ ಸಾಕು. ಹೆಚ್ಚಾದರೆ ಬಿರಡೆಯು ಸೊಟ್ಟಗಾಗಿ ಸೋರುವುದು.

(೩) ಕೊಳವೆಯನ್ನು ಸಣ್ಣ ಕುಂಚದಿಂದಲೂ, ಮರೆಯ ಸಂದುಗಳನ್ನು ಗಟ್ಟಿ ನೂಲನ್ನು ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆಯುವುದರಿಂದಲೂ ಶುಚಿಮಾಡುವುದು. ಕಬ್ಬಿಣದ ನಾರು, ಮರಳು, ಬೂದಿಗಳಿಂದ ಉಜ್ಜಬಾರದು. ಅವುಗಳಿಂದಾಗುವ ಗೀರುಗಳೇ ಮುಂದೆ ಕ್ರಿಮಿಗಳ ಮನೆಗಳಾಗುವುವು. ಉಜ್ಜಿದ ಬಳಿಕ ಬೆರಳಿಗೆ ಜಾರಿಕೆ ಉಳಿಯದಂತೆ ಒಳ್ಳೆಯ ನೀರಿನಲ್ಲಿ ತೊಳೆಯುವುದು.

(೪) ಕೊಳವೆ ಬಾವಿಯ ಗಡಸು ನೀರನ್ನು ಬಳಸುವ ಊರುಗಳಲ್ಲಿ ಭಾಗಗಳ ಮೇಲೆ ಬಿಳಿಯ ಸುಣ್ಣದ ಪದರ ಕಟ್ಟುವುದು. ಇದಕ್ಕೆ ಮದ್ದು ವಿನೆಗರೇ. ಅರ್ಧ ಗಂಟೆ ಅದರಲ್ಲಿ ನೆನೆಸಿದರೆ ಪದರ ಕರಗುವುದು. ಬಳಿಕ ಎರಡು ಮೂರು ಸಲ ಧಾರಾಳವಾಗಿ ನೀರಿನಿಂದ ತೊಳೆಯಲೇಬೇಕು. ಕಾರಣವನ್ನು ಮುಂದೆ ಹೇಳಿದೆ.

(೫) ವಾಷರುಗಳನ್ನು ಬಗ್ಗಿಸಿ ನೋಡುವುದು. ಬಿರುಕು ಕಂಡರೂ, ಗಡಸಾಗಿದ್ದರೂ, ಅಂಟಂಟಾಗಿದ್ದರೂ ಹೊಸದನ್ನು ಹಾಕುವುದು. ಸಿಲಿಕೋನ್ ವಾಷರುಗಳು ವಿನೆಗರಿಗೆ ಚೆನ್ನಾಗಿ ತಾಳುತ್ತವೆ. ನಮ್ಮ ಸೀಮೆಯಲ್ಲಿ ಬಿರಡೆ ಬಿಗಿಯಾದರೆ ತೆಂಗಿನೆಣ್ಣೆ ಸವರುವುದು ಸಹಜವಾದರೂ ಇಲ್ಲಿ ಅದು ಸಲ್ಲದು. ಚಳಿಗಾಲದಲ್ಲಿ ಎಣ್ಣೆಯು ಹೆಪ್ಪುಗಟ್ಟಿ ಬಿರಡೆಯನ್ನು ಹಿಡಿಯುವುದು, ಕಾಲಕ್ರಮದಲ್ಲಿ ಮುಗ್ಗಲು ವಾಸನೆ ಕೊಡುವುದು, ರಬ್ಬರನ್ನು ಉಬ್ಬಿಸುವುದು. ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಸಿ ಜೋಡಿಸಿದರೆ ಸಾಕು.

(೬) ಜೋಡಿಸಿ, ಪೀಪಾಯಿಗೆ ನೀರು ತುಂಬಿ, ನಲ್ಲಿಯನ್ನು ಒರಸಿ, ಕೆಳಗೆ ಒಣ ಕಾಗದವೊಂದನ್ನು ಹಾಸಿ ರಾತ್ರಿಯೆಲ್ಲ ಬಿಡುವುದು. ಬೆಳಗ್ಗೆ ಕಾಗದದ ಮೇಲೆ ಕಲೆಯಿದ್ದರೆ ವಾಷರನ್ನು ಸರಿಪಡಿಸದೆ ರಸವನ್ನು ತುಂಬಬಾರದು. ನಟ್ಟನ್ನು ಬಲವಾಗಿ ಬಿಗಿದು ಸೋರಿಕೆಯನ್ನು ಅಡಗಿಸಲು ಹೋದರೆ ವಾಷರು ಹಿಚುಕಿ ಇನ್ನಷ್ಟು ಸೋರುವುದು.

(೭) ಕೊನೆಗೆ ಕ್ರಿಮಿನಾಶ. ಪಾತ್ರೆಯೂ ನಲ್ಲಿಯೂ ಉಕ್ಕಿನವಾದರೆ, ಕುದಿಯುವ ನೀರನ್ನು ನಲ್ಲಿಯ ಮಟ್ಟಕ್ಕಿಂತ ಮೇಲಕ್ಕೆ ಜಾಗರೂಕತೆಯಿಂದ ಹೊಯ್ದು, ಸ್ವಲ್ಪ ಹರಿಯಬಿಟ್ಟು, ಹತ್ತು ನಿಮಿಷ ನಿಲ್ಲಿಸಿ ಬಸಿಯುವುದು. ಪ್ಲಾಸ್ಟಿಕ್ಕಿನವಾದರೆ ಒಂದು ಲೀಟರು ನೀರಿಗೆ ಒಂದು ಗ್ರಾಂ ಹೊಸ ಬ್ಲೀಚಿಂಗ್ ಪುಡಿಯಂತೆ ಕದಡಿ, ತಿಳಿಯನ್ನು ಪಾತ್ರೆಗೆ ಹಾಕಿ, ನಲ್ಲಿಯನ್ನು ನಾಲ್ಕಾರು ಸಲ ತಿರುಗಿಸಿ ಮೂತಿಯವರೆಗೆ ತುಂಬುವಂತೆ ಮಾಡಿ, ಹತ್ತು ನಿಮಿಷದ ಬಳಿಕ ಬಸಿದು, ಕಾಯಿಸಿ ಆರಿಸಿದ ನೀರಿನಿಂದ ವಾಸನೆ ಹೋಗುವವರೆಗೆ ತೊಳೆಯುವುದು.

ಬ್ಲೀಚಿಂಗ್ ಪುಡಿಯನ್ನೂ ವಿನೆಗರನ್ನೂ ಎಂದಿಗೂ ಒಟ್ಟುಗೂಡಿಸಬಾರದು. ಅವೆರಡೂ ಸೇರಿದರೆ ಕ್ಲೋರಿನ್ ಎಂಬ ವಿಷವಾಯುವು ಹೊರಟು ಕಣ್ಣಿಗೂ ಶ್ವಾಸಕೋಶಕ್ಕೂ ಅಪಾಯವನ್ನುಂಟುಮಾಡುವುದು. ಮುಚ್ಚಿದ ಕೋಣೆಯಲ್ಲಿ ಇದು ಪ್ರಾಣಕ್ಕೇ ಸಂಚಕಾರವಾಗಬಹುದು. ನಾಲ್ಕನೆಯ ಅಂಶದಲ್ಲಿ ಧಾರಾಳವಾಗಿ ತೊಳೆಯಬೇಕೆಂದು ಹೇಳಿದ್ದು ಇದಕ್ಕಾಗಿಯೇ.

ದಿನದ ಪಾಲನೆ

ನಲ್ಲಿಯನ್ನು ಪೀಪಾಯಿಯ ತಳದಿಂದ ಎರಡು ಅಂಗುಲ ಮೇಲಕ್ಕೆ ಕೂಡಿಸಿದ್ದರೆ ಗಷ್ಟು ಕೆಳಗೇ ಉಳಿದು ತಿಳಿಯು ಮಾತ್ರ ಬರುವುದು. ರಸವನ್ನು ತೆಗೆಯುವ ಮುನ್ನ ಶುದ್ಧವಾದ ಬಟ್ಟೆಯಿಂದ ಮೂತಿಯನ್ನು ಒರಸಿ, ಮೊದಲ ಒಂದೆರಡು ಚಮಚದಷ್ಟನ್ನು ಚೆಲ್ಲಿಬಿಡಬೇಕು. ತೆಗೆದಾದ ಮೇಲೆ ಮೂತಿಯ ಒಳಕ್ಕೆ ಕಾಯಿಸಿದ ನೀರನ್ನು ಚಿಮುಕಿಸಿ ತೊಳೆದು, ಒಣಗಿಸಿ, ಬಟ್ಟೆಯ ಸಣ್ಣ ಚೀಲವನ್ನು ಕಟ್ಟಿದರೆ ನೊಣದ ಕಾಟವಿರದು. ಮೊದಲನೆಯ ಹುದುಗಿನ ನಲ್ಲಿಗೂ ಎರಡನೆಯದಕ್ಕೂ ಬೇರೆ ಬೇರೆ ಬಣ್ಣದ ದಾರವನ್ನು ಕಟ್ಟಿ, ಒಂದನ್ನು ಇನ್ನೊಂದಕ್ಕೆ ಬಳಸದಿರುವುದು ಒಳ್ಳೆಯದು.

ಮೂತಿಯಲ್ಲಿ ನೂಲಿನಂತೆ ಲೋಳೆ ಜೋತರೆ, ರಸದಲ್ಲಿ ಉಗುರು ಬಣ್ಣದಂಥ ವಾಸನೆ ಬಂದರೆ, ಇಲ್ಲವೆ ತಿಳಿಯಾಗಿದ್ದ ವಿನೆಗರು ಹುಳಿ ಕಡಮೆಯಾಗಿ ಕದಡಿದರೆ, ಮೊದಲು ನಲ್ಲಿಯನ್ನು ಬಿಚ್ಚಿ ನೋಡಬೇಕು. ವಿನೆಗರು ಪಕ್ವವಾದ ಬಳಿಕ ಪೀಪಾಯಿಯಲ್ಲಿಯೇ ಬಹುದಿನ ಬಿಡುವುದೂ ಸರಿಯಲ್ಲ. ಮದ್ಯಸಾರವು ತೀರಿದ ಮೇಲೆ ಕೆಲವು ಬ್ಯಾಕ್ಟೀರಿಯಗಳು ಆಮ್ಲವನ್ನೇ ತಿಂದು ಹುಳಿಯನ್ನು ಕುಂದಿಸುತ್ತವೆ. ಆದುದರಿಂದ ಅದನ್ನು ಸೋಸಿ, ೬೫ ಡಿಗ್ರಿ ಸೆಲ್ಸಿಯಸ್ ವರೆಗೆ ಕಾಯಿಸಿ, ಗಾಜಿನ ಸೀಸೆಗಳಲ್ಲಿ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿಡತಕ್ಕದ್ದು.

ಇಷ್ಟಕ್ಕೆಲ್ಲ ತಗಲುವ ವೆಚ್ಚವೆಂದರೆ ಒಂದು ಕುಂಚ, ಒಂದಿಷ್ಟು ಸೋಡ, ಆಗಾಗ ಎರಡು ವಾಷರುಗಳು, ಮತ್ತು ಪೀಪಾಯಿಗೊಂದರಂತೆ ಒಂದು ಗಂಟೆಯ ದುಡಿಮೆ. ಹೊಸದಾಗಿ ಈ ಕೆಲಸವನ್ನು ಹಿಡಿಯುವ ಸ್ತ್ರೀಶಕ್ತಿ ಸಂಘಗಳೂ ರೈತ ಕುಟುಂಬಗಳೂ ಮೊದಲು ಹತ್ತು ಲೀಟರಿನ ಒಂದು ಪಾತ್ರೆಯಲ್ಲಿ ಅನುಭವ ಪಡೆದು, ನಲ್ಲಿಯನ್ನು ಬಿಚ್ಚಿ ಜೋಡಿಸುವುದು ಕೈಗೆ ಬಂದ ಮೇಲೆಯೇ ದೊಡ್ಡ ಪೀಪಾಯಿಗೆ ತೊಡಗಬೇಕು. ಸಂದೇಹವಿದ್ದವರು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆಯನ್ನು ಪಡೆಯಬಹುದು.