ಅಗಸಿ, ಕಟ್ಟಿ, ಮಾಳಿಗೆ

ಕಟ್ಟಡಕ್ಕೆ ರೂಪವನ್ನು ಕೊಡುವವರು ಸ್ಥಪತಿಯೂ ಒಡೆಯನೂ ಆದರೂ, ಅದಕ್ಕೆ ಅರ್ಥವನ್ನು ಕೊಡತಕ್ಕವರು ಅದರ ಹೊಸ್ತಿಲನ್ನು ದಿನವೂ ದಾಟುವ, ಅದರ ನೆರಳಿನಲ್ಲಿ ಕುಳಿತೇಳುವ, ಅದರ ಗೋಡೆಗೆ ಬೆನ್ನಾನಿಸಿ ಸುಖದುಃಖಗಳನ್ನು ಆಡಿಕೊಳ್ಳುವ ಜನರು. ಕಟ್ಟಿಸಿದವನ ಉದ್ದೇಶ ಅವನೊಡನೆಯೇ ಮರೆಯಾಗಬಹುದು. ಬಳಸಿದವರ ರೂಢಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆ. ಈ ಮಾತಿಗೆ ನಿದರ್ಶನವನ್ನು ಬಯಸುವವರು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಯಲ್ಲಿ ಒಂದು ಸುತ್ತು ಬಂದರೆ ಸಾಕು.

ಮೊದಲು ಊರಿನ ಅಗಸಿಯನ್ನೇ ನೋಡೋಣ. ಕಳ್ಳಕಾಕರಿಂದಲೂ ದಂಡಿನಿಂದಲೂ ಊರನ್ನು ಕಾಯುವುದಕ್ಕೆಂದು ನಿಂತ ಈ ಹೆಬ್ಬಾಗಿಲುಗಳ ಕದಗಳನ್ನು ಇಂದು ಯಾರೂ ಮುಚ್ಚುವುದಿಲ್ಲ. ಎಷ್ಟೋ ಕಡೆ ಕದಗಳೇ ಇಲ್ಲ. ಆದರೂ ಅಗಸಿ ನಿಷ್ಪ್ರಯೋಜಕವಾಗಲಿಲ್ಲ. ಕಾರ ಹುಣ್ಣಿಮೆಯ ದಿನ ಊರಿನ ಹೆಬ್ಬಾಗಿಲಿಗೆ ಅಡ್ಡಲಾಗಿ ಕರಿಯೆಂಬ ತೋರಣವನ್ನು ಕಟ್ಟಿ, ಮೈತೊಳೆದು ಸಿಂಗರಿಸಿದ ಎತ್ತುಗಳನ್ನು ಓಡಿಸಿ, ಯಾವ ಬಣ್ಣದ ಎತ್ತು ಮೊದಲು ಕರಿ ಹರಿಯಿತೆಂಬುದರಿಂದ ಮುಂಗಾರು ಚೆನ್ನಾದೀತೋ ಹಿಂಗಾರು ಚೆನ್ನಾದೀತೋ ಎಂದು ಎಣಿಸುವ ಉತ್ತರ ಕರ್ನಾಟಕದ ರೈತನಿಗೆ, ಆ ಬಾಗಿಲು ವೈರಿಯನ್ನು ತಡೆಯುವ ಗೋಡೆಯಾಗಿ ಅಲ್ಲ, ವರ್ಷದ ಭವಿಷ್ಯವನ್ನು ಒಳಕ್ಕೆ ಬರಮಾಡಿಕೊಳ್ಳುವ ಸ್ಥಾನವಾಗಿ ತೋರುತ್ತದೆ. ಯುದ್ಧಕ್ಕೆಂದು ಕಟ್ಟಿದುದನ್ನು ಬೇಸಾಯ ತನ್ನದಾಗಿ ಮಾಡಿಕೊಂಡಿತು.

ಅಗಸಿಯ ಒಳಗಣ ಕಟ್ಟಿಯ ಮಹಿಮೆಯೂ ಇಂಥದೇ. ಬೇವಿನ ಬುಡಕ್ಕೋ ಹನುಮಪ್ಪನ ಗುಡಿಯ ಮಗ್ಗುಲಿಗೋ ಕೂಡಿಸಿದ ನಾಲ್ಕು ಕಲ್ಲುಚಪ್ಪಡಿಗಳ ಮೇಲೆ ಮಳೆಯ ಮಾತು, ಸಂತೆಯ ಧಾರಣೆ, ಹೆಣ್ಣುಗಂಡಿನ ಸಂಬಂಧ, ದಾಯಾದಿಗಳ ರಾಜಿ ಎಲ್ಲವೂ ನಡೆಯುತ್ತವೆ. ಊರಿಗೆ ಬಂದವರಾರು, ಹೋದವರಾರು ಎಂಬುದು ಅಲ್ಲಿ ಕುಳಿತ ಹಿರಿಯರ ಕಣ್ಣಿಗೆ ಬೀಳದೆ ಹೋಗದು. ಅಮೆರಿಕದ ಜೇನ್ ಜೇಕಬ್ಸ್ ಎಂಬ ಲೇಖಕಿ 1961ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ, ಬೀದಿಯನ್ನು ನಿಜವಾಗಿ ಕಾಯುವುದು ಅಂಗಡಿಯವರ, ನೆರೆಹೊರೆಯವರ ಸಹಜವಾದ ದೃಷ್ಟಿಯೇ ಎಂಬುದನ್ನು ಮಹಾನಗರಗಳ ಅನುಭವದಿಂದ ಪ್ರತಿಪಾದಿಸಿದರು. ಆ ತತ್ತ್ವವನ್ನು ನಮ್ಮ ಕಟ್ಟಿಗಳು ಗ್ರಂಥದ ನೆರವಿಲ್ಲದೆಯೇ ಆಚರಿಸುತ್ತ ಬಂದಿವೆ.

ಕುಷ್ಟಗಿಯಂಥ ಬಿಸಿಲುಸೀಮೆಯ ಹಳೆಯ ಮನೆಗಳಲ್ಲಿ ಕಟ್ಟಡಕ್ಕೂ ಬಳಸುವವರಿಗೂ ಇರುವ ಈ ಸಂಬಂಧ ಇನ್ನೂ ಆಪ್ತವಾದುದು. ದಪ್ಪನಾದ ಕಲ್ಲುಮಣ್ಣಿನ ಗೋಡೆ, ಅದರ ಮೇಲೆ ತೊಲೆ ಜಂತಿಗಳು, ಅವುಗಳ ಮೇಲೆ ನೀರನ್ನು ಒಳಗಿಳಿಯಗೊಡದ ಸವಳು ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಗೊಂದು ಕಿಂಡಿ: ಇಷ್ಟೇ ಮಾಳಿಗೆಯ ರಚನೆ. ಆದರೆ ಆ ಮಾಳಿಗೆ ಹಗಲಲ್ಲಿ ಮೆಣಸಿನಕಾಯಿ ಒಣಗುವ ಕಣ, ಬೇಸಗೆಯ ರಾತ್ರಿ ಮನೆಮಂದಿಯೆಲ್ಲ ಮಲಗುವ ತಾಣ, ಪಕ್ಕದ ಮಾಳಿಗೆಯವರೊಡನೆ ಮಾತಿಗೆ ತೊಡಗುವ ಪಡಸಾಲೆ. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕಿ ಅದನ್ನು ಸರಿಪಡಿಸುವ ಕೆಲಸದಲ್ಲಿ ಕೈಜೋಡಿಸಿದ ಮಕ್ಕಳಿಗೆ, ಮನೆಯೆಂಬುದು ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ, ಸದಾ ಪೋಷಿಸತಕ್ಕದ್ದು ಎಂಬ ಅರಿವು ತಾನಾಗಿಯೇ ಬರುತ್ತದೆ.

ಕಟ್ಟಡಕ್ಕೆ ಬಳಸುವವರೇ ಅರ್ಥ ಕೊಡುತ್ತಾರೆಂಬ ಸತ್ಯ ಕೊಪ್ಪಳ ನಗರದಲ್ಲಿ ಬೃಹತ್ಪ್ರಮಾಣದಲ್ಲಿ ಪ್ರಕಟವಾಗಿದೆ. ಅಶೋಕನ ಶಾಸನವನ್ನು ಹೊತ್ತ ಬಂಡೆ, ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಕೊಪಣದ ಕೀರ್ತಿ, ಜೈನ ತೀರ್ಥದ ಪಾವಿತ್ರ್ಯ ಇವೆಲ್ಲ ಆ ಊರಿನ ಬೆಟ್ಟಗಳಲ್ಲಿ ಪದರಪದರವಾಗಿ ಕೂಡಿಕೊಂಡಿವೆ. ಆದರೆ ಆ ಶಾಸನದ ಬ್ರಾಹ್ಮೀ ಲಿಪಿಯನ್ನು ಓದಲರಿಯದ ಲಕ್ಷಾಂತರ ಭಕ್ತರಿಗೆ ಆ ಬೆಟ್ಟ ಗವಿಸಿದ್ಧೇಶ್ವರನ ನೆಲೆ. ಪುಷ್ಯಮಾಸದ ಜಾತ್ರೆಯಲ್ಲಿ ತೇರು ಎಳೆಯುವಾಗ, ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಯ ಬುತ್ತಿಗಳು ದಾಸೋಹಕ್ಕೆ ಬರುವಾಗ, ಬರಿದಾಗಿದ್ದ ಬಯಲು ಕೆಲವು ದಿನಗಳ ಮಟ್ಟಿಗೆ ಒಂದು ಪಟ್ಟಣವೇ ಆಗುತ್ತದೆ. ಗೋಡೆ ಛಾವಣಿಗಳಿಲ್ಲದ ಆ ಬಯಲನ್ನು ಕಟ್ಟಿದವರು ಕೂಡಿ ಉಣ್ಣುವ ಜನರೇ.

ಯಲಬುರ್ಗಾ ಸೀಮೆಯ ಇಟಗಿಯಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇಗುಲವನ್ನು ಅಲ್ಲಿಯ ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕೊಂಡಾಡಿದೆ. ಅದರ ಕುಸುರಿಗೆ ಮನಸೋಲದವರಿಲ್ಲ. ಸಮೀಪದ ಕುಕನೂರಿನ ನವಲಿಂಗ ಗುಡಿಗಳು ಅದಕ್ಕಿಂತ ಹಳೆಯವು, ಹೊರನೋಟಕ್ಕೆ ಸರಳವಾದವು; ಆದರೆ ಅಲ್ಲಿಯ ಮಹಾಮಾಯೆಗೆ ಇಂದಿಗೂ ಹರಕೆ ಹೊತ್ತು ಬರುವವರಿದ್ದಾರೆ, ಉಡಿ ತುಂಬುವವರಿದ್ದಾರೆ. ಇಟಗಿಯನ್ನು ನಾವು ನೋಡಿ ಗೌರವಿಸುತ್ತೇವೆ, ಕುಕನೂರನ್ನು ಬಳಸಿ ಗೌರವಿಸುತ್ತೇವೆ. ಎರಡೂ ಗೌರವಗಳು ನಾಡಿಗೆ ಬೇಕು.

ಬಳಕೆ ಮುಗಿದ ಮೇಲೂ ಮನುಷ್ಯನು ಅರ್ಥವನ್ನು ಅರಸದೆ ಬಿಡಲಾರನೆಂಬುದಕ್ಕೆ ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಗುಡ್ಡವೇ ಸಾಕ್ಷಿ. ಎರಡು ಸಾವಿರ ವರ್ಷಗಳಿಗೂ ಹಿಂದೆ, ಚಪ್ಪಡಿಗಳನ್ನು ನಿಲ್ಲಿಸಿ ಮುಚ್ಚಿ ಸತ್ತವರಿಗಾಗಿ ರಚಿಸಿದ ನೂರಾರು ಶಿಲಾಸಮಾಧಿಗಳು ಅಲ್ಲಿವೆ. ಅವುಗಳ ದುಂಡು ಕಂಡಿಗಳನ್ನು ಕಂಡ ಸುತ್ತಿನ ಜನ ಅವನ್ನು ಮೋರ್ಯರೆಂಬ ಪೂರ್ವಕಾಲದವರ ಮನೆಗಳೆಂದೇ ನಂಬಿದರು. ಪುರಾತತ್ತ್ವಜ್ಞರ ನಿರ್ಣಯ ಬೇರೆಯಾದರೂ, ಸತ್ತವರಿಗೂ ಮನೆಯೊಂದು ಬೇಕೆಂದು ಕಟ್ಟಿದವರ ಭಾವನೆಗೆ ಈ ನಂಬಿಕೆ ದೂರವಾದುದಲ್ಲ.

ಕೊಪ್ಪಳ ಜಿಲ್ಲೆಯ ಪಟ್ಟಣಗಳು ಇಂದು ವೇಗವಾಗಿ ಬೆಳೆಯುತ್ತಿವೆ. ರಸ್ತೆ ಅಗಲವಾಗಬೇಕು, ಮಾರುಕಟ್ಟೆ ಎದ್ದು ನಿಲ್ಲಬೇಕು, ಸೋರುವ ಮಾಳಿಗೆಯ ಸ್ಥಾನದಲ್ಲಿ ಭದ್ರವಾದ ಛಾವಣಿ ಬರಬೇಕು. ಇದಾವುದೂ ತಪ್ಪಲ್ಲ. ಆದರೆ ನಕ್ಷೆಯಲ್ಲಿ ಬರಿಯ ಅಡಚಣೆಯಾಗಿ ಕಾಣುವ ಕಟ್ಟಿಯನ್ನು ಕೀಳುವ ಮುನ್ನ, ಬೆಳಗಿನಿಂದ ಇರುಳಿನವರೆಗೆ ಅಲ್ಲಿ ಯಾರು ಕೂಡುತ್ತಾರೆ, ಯಾತಕ್ಕಾಗಿ ಕೂಡುತ್ತಾರೆ ಎಂಬುದನ್ನು ಯೋಜಕರು ಸ್ವತಃ ಕುಳಿತು ನೋಡಬೇಕು. ಅದನ್ನು ತೆಗೆಯಲೇಬೇಕಾದರೆ, ಅದೇ ಜನ ನಡೆದು ಬರುವಷ್ಟು ಹತ್ತಿರದಲ್ಲಿ, ನೆರಳೂ ನೀರೂ ಇರುವೆಡೆ ಮತ್ತೊಂದನ್ನು ಕಟ್ಟಿಕೊಡಬೇಕು. ಕಲ್ಲಿನ ಬೆಲೆ ಗುತ್ತಿಗೆಯ ಪತ್ರದಲ್ಲಿ ಸಿಕ್ಕೀತು. ಆ ಕಲ್ಲಿನ ಮೇಲೆ ಕೂಡುವ ಅಭ್ಯಾಸವನ್ನು ಹಣ ಕೊಟ್ಟು ಕೊಳ್ಳಲಾಗದು, ಕಳೆದುಕೊಂಡರೆ ಅದನ್ನು ಮತ್ತೆ ಬೆಳೆಸಲು ತಲೆಮಾರುಗಳೇ ಬೇಕಾಗುತ್ತವೆ.