ಸ್ಕ್ಯಾನ್‌ಗೆ ಮುನ್ನ ಮಾತ್ರೆಗಳ ಪಟ್ಟಿ ತೋರಿಸಿ



ಊರಿನಿಂದ ಬಂದ ತಂದೆಯವರ ಕೈ ನಡುಗುತ್ತಿದೆ, ನಡಿಗೆ ನಿಧಾನವಾಗಿದೆ ಎಂದುಕೊಳ್ಳಿ. ಪಾರ್ಕಿನ್ಸನ್ ಕಾಯಿಲೆಯ ಅನುಮಾನದಿಂದ ವೈದ್ಯರು ಮಿದುಳಿನ ಸ್ಕ್ಯಾನ್ ಬರೆದುಕೊಡುತ್ತಾರೆ. ಚಿತ್ರದಲ್ಲಿ ಎಲ್ಲವೂ ತಿಳಿಯುತ್ತದೆ ಎಂದು ನೀವು ನಿಶ್ಚಿಂತರಾಗುತ್ತೀರಿ. ಆದರೆ ತಂದೆಯವರು ನುಂಗುತ್ತಿರುವ ಮಾತ್ರೆಯೂ ಆ ಚಿತ್ರವನ್ನು ಬದಲಿಸಬಲ್ಲದು.

ಡೋಪಮೈನ್ ಎಂಬುದು ಮಿದುಳಿನ ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ. 1950ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟ ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಅವರಿಗೆ 2000ರಲ್ಲಿ ನೊಬೆಲ್ ಗೌರವ ಸಂದಿತು. ಕೆಲಸ ಮುಗಿಸಿದ ಡೋಪಮೈನನ್ನು ಮರಳಿ ಒಳಗೆಳೆದುಕೊಳ್ಳಲು ನರಕೋಶದಲ್ಲಿ ಬಾಗಿಲುಗಳಂಥ ಪ್ರೋಟೀನುಗಳಿವೆ. ಪಾರ್ಕಿನ್ಸನ್‌ನಲ್ಲಿ ಕೋಶಗಳು ನಶಿಸಿದಂತೆ ಬಾಗಿಲುಗಳೂ ಕಡಿಮೆಯಾಗುತ್ತವೆ.

ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಟ್ರೋಡಾಟ್ ಸ್ಕ್ಯಾನ್ ನೋಡುವುದು ಈ ಬಾಗಿಲುಗಳನ್ನೇ. ಅವುಗಳಿಗೆ ಅಂಟಿಕೊಳ್ಳುವ, ಅಲ್ಪ ವಿಕಿರಣ ಸೂಸುವ ವಸ್ತುವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಅದು ಎಲ್ಲಿ, ಎಷ್ಟು ಅಂಟಿದೆ ಎಂಬುದನ್ನು ಕ್ಯಾಮೆರಾ ದಾಖಲಿಸುತ್ತದೆ.

ತೊಡಕು ಇಲ್ಲಿದೆ. ಖಿನ್ನತೆಗೂ ಸಿಗರೇಟು ಬಿಡಿಸಲೂ ಕೊಡುವ ಬುಪ್ರೋಪಿಯಾನ್, ಏಕಾಗ್ರತೆಯ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಅದೇ ಬಾಗಿಲುಗಳಿಗೆ ಅಂಟುತ್ತವೆ. ಲೋಕಲ್ ರೈಲಿನ ಬಾಗಿಲಲ್ಲಿ ಮೊದಲೇ ನಿಂತವರಂತೆ ಅವು ಜಾಗ ಬಿಡುವುದಿಲ್ಲ. ಸಂಕೇತ ಮಂಕಾಗುತ್ತದೆ, ಬಾಗಿಲುಗಳಿದ್ದರೂ ಇಲ್ಲದಂತೆ ಕಾಣಬಹುದು. ಇಲ್ಲದ ಕಾಯಿಲೆಯ ಅನುಮಾನ ಹುಟ್ಟುವುದು ಹೀಗೆ.

ಎಲ್ಲ ಔಷಧಿಗಳೂ ಹೀಗಲ್ಲ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಿದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಡುತ್ತದೆ. ಟ್ರೋಡಾಟ್ ಚಿತ್ರವನ್ನು ಅದು ಹೆಚ್ಚು ಕೆಡಿಸುವುದಿಲ್ಲ. ಆದರೆ ಸಂಶೋಧನೆಯಲ್ಲಿ ಬಳಸುವ ರಾಕ್ಲೋಪ್ರೈಡ್ ಪೆಟ್ ಸ್ಕ್ಯಾನ್ ನೋಡುವುದು ಡೋಪಮೈನ್ ಬಂದು ಕೂರುವ ಗ್ರಾಹಕಗಳನ್ನು. ಅಲ್ಲಿ ಡೋಪಮೈನ್ ಹೆಚ್ಚಿದರೆ ಸಂಕೇತ ಇಳಿಯುತ್ತದೆ. ಅಂದರೆ ಚಿತ್ರ ಮಂಕಾದಾಗಲೆಲ್ಲ ಕೋಶ ಸತ್ತಿದೆ ಎಂದರ್ಥವಲ್ಲ.

ಹಿಂದಿ, ಮರಾಠಿ, ತಮಿಳು ಬಾರದ ಹಿರಿಯರಿಗೆ ಆಸ್ಪತ್ರೆಯಲ್ಲಿ ನೀವೇ ದುಭಾಷಿ. ಹೋಗುವ ಮುನ್ನ ಊರಿನ ವೈದ್ಯರ ಚೀಟಿಗಳನ್ನೂ ಮಾತ್ರೆಯ ಪಟ್ಟಿಗಳನ್ನೂ ಒಂದು ಚೀಲದಲ್ಲಿಡಿ. ನಾಟಿ ಔಷಧಿಯನ್ನು ಮರೆಯದಿರಿ. ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಸಹಜವಾಗಿಯೇ ಇದೆ. ಯಾವುದನ್ನು, ಎಷ್ಟು ದಿನ ನಿಲ್ಲಿಸಬೇಕೆಂದು ವೈದ್ಯರೇ ಹೇಳಲಿ. ನೀವಾಗಿಯೇ ನಿಲ್ಲಿಸಬೇಡಿ, ಲೆವೊಡೋಪಾವನ್ನು ಏಕಾಏಕಿ ಬಿಡುವುದು ಪ್ರಾಣಕ್ಕೇ ಅಪಾಯ ತರಬಹುದು.