ತೋಡಿಗೆ ಕಟ್ಟ, ಗುಡ್ಡಕ್ಕೆ ಇಂಗುಗುಂಡಿ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಮಳೆಗೆ ಕೊರತೆಯಿಲ್ಲ. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಆದರೂ ಮಾರ್ಚ್ ಬಂತೆಂದರೆ ತೋಡು ಬತ್ತುತ್ತದೆ, ಬಾವಿಯ ತಳ ಕಾಣುತ್ತದೆ, ಅಡಿಕೆಯ ಸೋಗೆ ಜೋಲುತ್ತದೆ. ಆಗ ತೋಚುವ ದಾರಿ ಒಂದೇ: ಇನ್ನೊಂದು ಕೊಳವೆಬಾವಿ. ಅದಕ್ಕೆ ಸಾಲ ಮಾಡುವ ಮೊದಲು ಈ ಲೆಕ್ಕವನ್ನು ನೋಡಿರಿ.

ಇಷ್ಟು ಮಳೆಯಾದರೆ ಒಂದು ಎಕರೆಯ ಮೇಲೆ ಬೀಳುವ ನೀರು ಸುಮಾರು 1 ಕೋಟಿ 40 ಲಕ್ಷ ಲೀಟರು. ಎಕರೆಗೆ 550 ಅಡಿಕೆ ಮರಗಳಿದ್ದು, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರಿನಂತೆ 150 ದಿನ ಕೊಟ್ಟರೂ ಬೇಕಾಗುವುದು 16.5 ಲಕ್ಷ ಲೀಟರು. ಬಿದ್ದುದರ ಎಂಟನೆಯ ಒಂದು ಪಾಲೂ ಅಲ್ಲ! ಉಳಿದುದರಲ್ಲಿ ಬಹುಪಾಲು ಕುಮಾರಧಾರಾ, ಪಯಸ್ವಿನಿಗಳನ್ನು ಸೇರಿ ಕಡಲಿಗೆ ಹೋಗುತ್ತದೆ.

ಕಟ್ಟ

ತೋಡಿಗೆ ಅಡ್ಡಲಾಗಿ ಕಲ್ಲು ಮಣ್ಣಿನ ಕಟ್ಟ ಹಾಕುವುದು ನಮ್ಮ ಹಿರಿಯರ ಪದ್ಧತಿ. ಇದಕ್ಕೆ ಸರಕಾರದ ಹಣಕ್ಕೆ ಕಾಯಬೇಕಿಲ್ಲ. ತೋಡಿನ ಎರಡೂ ದಡದವರು ತೋಟದ ವಿಸ್ತೀರ್ಣಕ್ಕೆ ತಕ್ಕಂತೆ ಖರ್ಚು ಹಂಚಿಕೊಂಡರೆ ಸಾಕು.

ಮಳೆ ಹಿಂತೆಗೆದು ಹರಿವು ತೆಳುವಾದಾಗ, ಅಂದರೆ ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ, ಕಟ್ಟ ಹಾಕಬೇಕು. ಹರಿವು ನಿಂತ ಮೇಲೆ ಹಾಕಿ ಫಲವಿಲ್ಲ. ಕಲ್ಲು ಅಥವಾ ಮರಳುಚೀಲದ ಒಡ್ಡಿಗೆ ನೀರಿನ ಬದಿಯಿಂದ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂಳಿರಿ. ಹೆಚ್ಚಾದ ನೀರು ಮೇಲಿನಿಂದ ಹರಿದು ಕೆಳಗಿನವರಿಗೆ ಹೋಗಲಿ. ಮಳೆಗಾಲಕ್ಕೆ ಮೊದಲು ಕಟ್ಟ ಬಿಚ್ಚಲು ಮರೆಯದಿರಿ.

ನಿಂತ ನೀರಿಗೇ ಎಲ್ಲರೂ ಪಂಪು ಹೂಡಿದರೆ ಇಂಗುವುದಕ್ಕೆ ಏನೂ ಉಳಿಯದು. ಈ ಮಾತನ್ನು ಮೊದಲೇ ಕುಳಿತು ತೀರ್ಮಾನಿಸಿಕೊಳ್ಳಿರಿ.

ಇಂಗುಗುಂಡಿ

ಗುಡ್ಡದ ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿಗಳನ್ನು ಬಿಟ್ಟುಬಿಟ್ಟು ತೋಡಿರಿ. ಮೇಲಿನ ಸಾಲಿನ ಎಡೆಗೆ ಕೆಳಗಿನ ಸಾಲಿನ ಗುಂಡಿ ಬರಬೇಕು. ಹಳೆಯ ಮದಕವಿದ್ದರೆ ಹೂಳೆತ್ತಿರಿ. ಪಕ್ಕದ ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ನೀರು ಕಂಡು, ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಎಚ್ಚರಿಕೆ

ಎಲ್ಲ ಗುಡ್ಡಗಳಲ್ಲಿಯೂ ಗುಂಡಿ ತೋಡಬಾರದು. 2018ರ ಆಗಸ್ಟಿನಲ್ಲಿ ಸಂಪಾಜೆಯಾಚೆ ಜೋಡುಪಾಲದ ಕಡೆ ಗುಡ್ಡ ಕುಸಿದುದನ್ನು ನೆನೆಯಿರಿ. ಕಡಿದಾದ, ಸಡಿಲ ಮಣ್ಣಿನ ಇಳಿಜಾರಿನಲ್ಲಿ, ಮನೆಯ ಹಿಂದಿನ ಬರೆಯ ಮೇಲೆ, ಬಿರುಕು ಕಂಡಲ್ಲಿ ನೀರು ಇಂಗಿಸದೆ ಸರಾಗವಾಗಿ ಹರಿದುಹೋಗಲು ಬಿಡಬೇಕು. ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದ ನೀರನ್ನು ನೇರವಾಗಿ ಬಾವಿಗೆ ಬಿಡಬಾರದು. ಕೊಳವೆಬಾವಿಗೆ ಚಾವಣಿಯ ನೀರನ್ನು ಬಿಡುವುದಾದರೂ ಜಲ್ಲಿ, ಮರಳುಗಳ ಮೂಲಕ ಸೋಸಿಯೇ ಬಿಡಬೇಕು.

“ನಾನು ಇಂಗಿಸಿದ ನೀರನ್ನು ನೆರೆಯವ ಎತ್ತಿದರೆ?” ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆಯೇ. ನೆಲದಡಿಯ ನೀರಿಗೆ ಬೇಲಿಯಿಲ್ಲ. ಆದುದರಿಂದಲೇ ಒಂದು ತೋಡಿನವರೆಲ್ಲ ಕೂಡಿ ಈ ಕೆಲಸಕ್ಕೆ ಕೈಹಾಕಬೇಕು. ಗುಂಡಿಗಳನ್ನು ಮಳೆಗೆ ಮೊದಲೇ ತೋಡಿ, ಮಳೆ ಮುಗಿದೊಡನೆ ಮೊದಲ ಕಟ್ಟ ಹಾಕಿರಿ. ಏಪ್ರಿಲಿನಲ್ಲಿ ಬಾವಿಗೆ ಹಗ್ಗ ಇಳಿಸಿ ಅಳೆದು, ಹಿಂದಿನ ವರ್ಷದ ಮಟ್ಟಕ್ಕೆ ಹೋಲಿಸಿರಿ. ಆ ಅಳತೆಯೇ ನೆರೆಯವರಿಗೆ ನೀವು ಕೊಡುವ ಉತ್ತರವಾಗಲಿ.